ಗ್ಯಾರೇಜು ಕಟ್ಟೆ: ಆಯಿಲ್ ಎಲ್ಲಿಗೆ ಹೋಗುತ್ತೆ, ಮೊದಲು ಅದನ್ನು ನೋಡಿ

ಬೇಸಿಗೆ ಶುರುವಾಯಿತು ಅಂದರೆ ನನಗೆ ಬರುವ ಕಾಗದಗಳೆಲ್ಲ ಆಯಿಲ್ ಬಗ್ಗೆಯೇ. ಕಲಬುರಗಿಯ ಬಿಸಿಲು ಅಂಥದ್ದು. 42 ಡಿಗ್ರಿ ದಾಟಿದ ಮೇಲೆ ಗಾಡಿಯೂ ಕಾಯುತ್ತೆ, ಮಾಲೀಕರ ತಲೆಯೂ ಕಾಯುತ್ತೆ. ಆಗ ಯಾರೋ ಒಬ್ಬರು ‘ಆಯಿಲ್ ಬದಲಿಸು, ಎಲ್ಲ ಸರಿಹೋಗುತ್ತೆ’ ಅಂದಿರುತ್ತಾರೆ. ಯಾವ ಆಯಿಲ್ ಅಂತ ಮಾತ್ರ ಹೇಳಿರುವುದಿಲ್ಲ. ಈ ತಿಂಗಳ ಮೊದಲ ಕಾಗದಕ್ಕೆ ಉತ್ತರ ಉದ್ದವಾಗಿದೆ. ಉಳಿದವರು ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಯೆಜ್ಡಿಗೂ ಆರ್‌ಎಕ್ಸ್‌ಗೂ ಬೇಕಾದ ಮಾತು ಅದರಲ್ಲೇ ಇದೆ.

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮಾಸ್ತರ. ಮಗ ಇಂಗ್ಲೆಂಡಿನಲ್ಲಿ ಡಾಕ್ಟರ್ ಇದ್ದಾನೆ. ಅಲ್ಲಿ ಅವನು 1987ರ ನಾರ್ಟನ್ ಕ್ಲಾಸಿಕ್ ಎಂಬ ರೋಟರಿ ಎಂಜಿನ್ ಮೋಟಾರ್‌ಸೈಕಲ್ ಕೊಂಡಿದ್ದಾನೆ. ಹಿಂದಿನ ಮಾಲೀಕರು ಅದನ್ನು ಬಹಳ ವರ್ಷ ಶೆಡ್ಡಿನಲ್ಲೇ ನಿಲ್ಲಿಸಿದ್ದರಂತೆ. ‘ಅಪ್ಪಾಜಿ, ನೀವು ಯೆಜ್ಡಿ ಓಡಿಸಿದವರು, ಇದಕ್ಕೆ ಯಾವ ಆಯಿಲ್ ಹಾಕಲಿ?’ ಅಂತ ಫೋನಿನಲ್ಲಿ ಕೇಳುತ್ತಾನೆ. ಅಲ್ಲಿ ಒಬ್ಬರು ಕಾರಿನ 20 ಡಬ್ಲ್ಯು 50 ಗ್ರೇಡಿನ ದಪ್ಪ ಆಯಿಲ್ ಅಂತಾರೆ, ಇನ್ನೊಬ್ಬರು 2ಟಿ, ಅಂದರೆ ಟೂ ಸ್ಟ್ರೋಕ್ ಗಾಡಿಯ ಆಯಿಲ್ ಅಂತಾರೆ, ಮೂರನೆಯವರು ದುಬಾರಿ ಸಿಂಥೆಟಿಕ್ ಅಂತಾರೆ. ಏನು ಹೇಳಲಿ?
— ಮಾಸ್ತರರು, ಕಲಬುರಗಿ

ಮಾಸ್ತರರೇ, ನಿಮ್ಮ ಮಗನ ಕೈಗೆ ಸಿಕ್ಕಿದ್ದು ಸಾಮಾನ್ಯ ಗಾಡಿ ಅಲ್ಲ. ನಾರ್ಟನ್ ಕಂಪನಿ ಆ ಮಾಡೆಲ್ ಮಾಡಿದ್ದೇ 100. ಅದಕ್ಕಿಂತ ಮೊದಲು ಇದೇ ಜಾತಿಯ ಎಂಜಿನ್ ಇದ್ದ ಇಂಟರ್‌ಪೋಲ್ 2 ಎಂಬ ಗಾಡಿ ಬ್ರಿಟನ್ನಿನ ಪೊಲೀಸರ ಹತ್ತಿರ ಇತ್ತು. ಜನಸಾಮಾನ್ಯರಿಗೆ ಮಾರಲು ಅಂತ ಮಾಡಿದ್ದು ಈ ಕ್ಲಾಸಿಕ್. 588 ಸಿಸಿ, ಎರಡು ರೋಟರ್, ಗಾಳಿಯಿಂದಲೇ ತಣ್ಣಗಾಗುವ ಎಂಜಿನ್. ಇಂಥದ್ದಕ್ಕೆ ಕೈಗೆ ಸಿಕ್ಕ ಡಬ್ಬಿ ಸುರಿಯಬಾರದು.

ನಿಮಗೆ ಯೆಜ್ಡಿ ಗೊತ್ತು, ಅಲ್ಲಿಂದಲೇ ಶುರು ಮಾಡೋಣ. ಯೆಜ್ಡಿಯಲ್ಲಿ ಆಯಿಲ್ ಎರಡು ಕಡೆ ಇರುತ್ತೆ. ಒಂದು ಪೆಟ್ರೋಲಿನ ಜೊತೆ ಒಳಗೆ ಹೋಗಿ, ಬೇರಿಂಗು, ಪಿಸ್ಟನ್ನು ಎಲ್ಲವನ್ನೂ ನೆನೆಸಿ, ಕೊನೆಗೆ ಸುಟ್ಟು ಸೈಲೆನ್ಸರಿನಿಂದ ಹೊರಗೆ ಹೋಗುತ್ತೆ. ಇನ್ನೊಂದು ಗೇರ್ ಬಾಕ್ಸಿನಲ್ಲೇ ಕೂತಿರುತ್ತೆ, ನೀವು ಬೋಲ್ಟು ಬಿಚ್ಚುವ ತನಕ ಹೊರಗೆ ಬರುವುದಿಲ್ಲ. ಎರಡಕ್ಕೂ ಒಂದೇ ಡಬ್ಬಿಯಿಂದ ಹಾಕುತ್ತೀರಾ? ಇಲ್ಲ ಅಲ್ವಾ. ಯಾವ ಹಳೆ ಗಾಡಿ ನನ್ನ ಹತ್ತಿರ ಬಂದರೂ ನಾನು ಮೊದಲು ನೋಡುವುದು ಇದನ್ನೇ: ಇದರ ಆಯಿಲ್ ತಿರುಗಿ ತಿರುಗಿ ವಾಪಸ್ ಬರುತ್ತದೋ, ಉರಿದು ಹೋಗುತ್ತದೋ? ಗ್ರೇಡು, ಕಂಪನಿ, ರೇಟು ಎಲ್ಲ ಆಮೇಲೆ.

ಈಗ ರೋಟರಿಗೆ ಬನ್ನಿ. ಇದರಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಮೂರು ಮೂಲೆಯ ಒಂದು ರೋಟರ್, ನಡು ಸ್ವಲ್ಪ ಸಣ್ಣಗಿರುವ ಒಂದು ಮನೆಯೊಳಗೆ ಸುತ್ತುತ್ತಾ ಇರುತ್ತೆ. ರೋಟರ್ ಒಂದು ಸುತ್ತು ಹಾಕುವಷ್ಟರಲ್ಲಿ ನಡುವಿನ ಶಾಫ್ಟು ಮೂರು ಸುತ್ತು ಹಾಕಿರುತ್ತೆ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ತಲೆಯಿಂದ ಬಂದ ಎಂಜಿನ್ ಇದು, ಎನ್‌ಎಸ್‌ಯು ಕಂಪನಿಯಲ್ಲಿ 1957ರಲ್ಲಿ ಮೊದಲ ಸಲ ಓಡಿತು. ರೋಟರಿನ ಮೂರೂ ಮೂಲೆಗೆ ಒಂದೊಂದು ಸೀಲ್ ಇರುತ್ತೆ. ಪಟ್ಟಿಯಂತೆ ಉದ್ದ, ಕೆಳಗೆ ಸಣ್ಣ ಸ್ಪ್ರಿಂಗು. ಆ ಸೀಲು ಮನೆಯ ಗೋಡೆಯನ್ನು ಸವರಿಕೊಂಡೇ ಓಡಬೇಕು, ಒಂದು ಕ್ಷಣ ಬಿಡುವಿಲ್ಲ. ನಿಮ್ಮ ಬುಲೆಟ್ಟಿನಲ್ಲಾದರೆ ಪಿಸ್ಟನ್ನಿನ ಕೆಳಗಿನಿಂದ ಆಯಿಲ್ ಸಿಡಿದು ಸಿಲಿಂಡರಿನ ಗೋಡೆಗೆ ಹತ್ತುತ್ತೆ. ರೋಟರಿಯಲ್ಲಿ ‘ಕೆಳಗೆ’ ಅನ್ನುವುದೇ ಇಲ್ಲ, ಸುತ್ತಲೂ ಉರಿಯುವ ಜಾಗವೇ. ಹಾಗಾಗಿ ಸೀಲಿಗೆ ಬೇಕಾದ ಆಯಿಲನ್ನು ಆ ಜಾಗದೊಳಕ್ಕೇ ಸ್ವಲ್ಪ ಸ್ವಲ್ಪ ಬಿಡಬೇಕು. ಬಿಟ್ಟ ಮೇಲೆ ಅದು ಸುಟ್ಟೇ ಸುಡುತ್ತೆ. ರೋಟರಿ ಆಯಿಲ್ ಕುಡಿಯುತ್ತೆ ಅಂತ ಜನ ಬೈಯುವುದು ಇದಕ್ಕೇ. ಅದು ರೋಗ ಅಲ್ಲ, ಕಂಪನಿಯೇ ಹಾಗೆ ಮಾಡಿರುವುದು.

ನಾನು ಹುಡುಗನಾಗಿದ್ದಾಗ ಶಾರ್ಜಾದ ಗ್ಯಾರೇಜೊಂದರಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಮಾಜ್ದಾ ಆರ್‌ಎಕ್ಸ್-7 ಕಾರುಗಳು ಬರುತ್ತಿದ್ದವು, ಅವೂ ರೋಟರಿಯೇ. ಒಬ್ಬ ಗಿರಾಕಿ ಆಯಿಲ್ ಉಳಿಸಬೇಕು ಅಂತ ಸೀಲಿಗೆ ಆಯಿಲ್ ಬಿಡುವ ಪಂಪನ್ನೇ ಬಂದ್ ಮಾಡಿಸಿದ್ದ, ಪೆಟ್ರೋಲಿಗೂ ಏನೂ ಕಲಸುತ್ತಿರಲಿಲ್ಲ. ಎಂಜಿನ್ ಬಿಚ್ಚಿದಾಗ ನಮ್ಮ ಉಸ್ತಾದರು ನನ್ನ ಕೈ ಹಿಡಿದು ಹೆಬ್ಬೆರಳಿನ ಉಗುರನ್ನು ಒಳಗೋಡೆಯ ಮೇಲೆ ಎಳೆಸಿದರು. ಕನ್ನಡಿಯಂತೆ ನುಣ್ಣಗಿರಬೇಕಾದ ಗೋಡೆ. ಉಗುರು ಟಕ್ ಟಕ್ ಅಂತ ಸಿಕ್ಕಿಕೊಳ್ಳುತ್ತಿತ್ತು, ಉದ್ದಕ್ಕೂ ಗೆರೆ. ಅದರ ಪಕ್ಕದಲ್ಲೇ ಬೇರೆ ಒಂದು ಎಂಜಿನ್ನಿನ ರೋಟರ್ ಇತ್ತು. ಅದಕ್ಕೆ ಆಯಿಲ್ ಬರುತ್ತಿತ್ತು, ಆದರೆ ಕೆಟ್ಟ ಆಯಿಲ್. ಸೀಲನ್ನು ಬೆರಳಿನಿಂದ ಒತ್ತಿದರೆ ಸ್ಪ್ರಿಂಗಿನಿಂದ ಪುಟಿದು ಮೇಲೆ ಬರಬೇಕು. ಬರಲಿಲ್ಲ. ಸೀಲು ಕೂರುವ ಸಂದಿನಲ್ಲಿ ಸುಟ್ಟ ಆಯಿಲಿನ ಬೂದಿ, ಕಾರ್ಬನ್ ಸೇರಿ ಕಲ್ಲಾಗಿತ್ತು. ಮುರಿದ ಹಾಕ್ಸಾ ಬ್ಲೇಡಿನಿಂದ ಕೆರೆದು ತೆಗೆದೆವು. ರೋಟರಿ ಸಾಯುವುದು ಈ ಎರಡೇ ದಾರಿಯಲ್ಲಿ ಅಂತ ಉಸ್ತಾದರು ಹೇಳುತ್ತಿದ್ದರು. ಅದು ಸ್ವಲ್ಪ ಉತ್ಪ್ರೇಕ್ಷೆ, ಬಿಸಿ ಜಾಸ್ತಿಯಾಗಿಯೂ ಸಾಯುತ್ತೆ. ಆದರೆ ಆಯಿಲ್ ಆರಿಸುವವನಿಗೆ ಈ ಎರಡು ನೆನಪಿದ್ದರೆ ಸಾಕು.

ಆ ಬೂದಿ ಎಲ್ಲಿಂದ ಬಂತು? ಕಾರಿನ ಅಥವಾ ಫೋರ್ ಸ್ಟ್ರೋಕ್ ಬೈಕಿನ ಆಯಿಲ್ ತಿಂಗಳುಗಟ್ಟಲೆ ಒಳಗೇ ಇರಬೇಕು. ಅದಕ್ಕೆ ಕೊಳೆ ತೊಳೆಯಲು ಕ್ಯಾಲ್ಸಿಯಂ, ಸವೆತ ತಡೆಯಲು ಝಿಂಕ್, ಚಳಿಯಲ್ಲೂ ಬಿಸಿಲಲ್ಲೂ ಒಂದೇ ಹದ ಇರಲಿ ಅಂತ ಪಾಲಿಮರ್, ಇಂಥವನ್ನೆಲ್ಲ ಸೇರಿಸಿರುತ್ತಾರೆ. ತಿರುಗಾಡುವ ಆಯಿಲಿಗೆ ಇವೆಲ್ಲ ಬೇಕೇ ಬೇಕು. ಸುಡುವ ಆಯಿಲಿನಲ್ಲಿ ಇದ್ದರೆ ಕ್ಯಾಲ್ಸಿಯಂ, ಝಿಂಕ್ ಬೂದಿಯಾಗಿ ಉಳಿಯುತ್ತವೆ, ಪಾಲಿಮರ್ ಅಂಟಾಗುತ್ತೆ. 2ಟಿ ಆಯಿಲನ್ನು ಸುಡಲಿಕ್ಕೆ ಅಂತಲೇ ಮಾಡುವುದು, ಬೂದಿ ಕಡಿಮೆ.

ಇನ್ನು ನಾರ್ಟನ್ ಯಾವ ಕಡೆ? ಪೂರ್ತಿ ಸುಡುವ ಕಡೆ. ಅದರ ಎಂಜಿನ್ ಆಯಿಲಿಗೆ ಬೇರೆ ಟ್ಯಾಂಕು. ಅಲ್ಲಿಂದ ಪಂಪು ಅಳೆದು ಅಳೆದು ಬೇರಿಂಗುಗಳಿಗೆ ಬಿಡುತ್ತೆ. ಎಂಜಿನ್ ಎಳೆದುಕೊಳ್ಳುವ ಗಾಳಿ ಮೊದಲು ರೋಟರಿನ ಹೊಟ್ಟೆಯೊಳಗೆ ಹಾದು ಅದನ್ನು ತಣ್ಣಗೆ ಮಾಡುತ್ತೆ, ಹೋಗುತ್ತಾ ಅಲ್ಲಿದ್ದ ಆಯಿಲನ್ನೂ ಹೊತ್ತುಕೊಂಡು ಕಾರ್ಬ್ಯುರೇಟರಿನ ಕಡೆ ಹೋಗುತ್ತೆ. ಕೊನೆಗೆ ಸೀಲಿಗೆ ಹತ್ತಿ ಉರಿಯುತ್ತೆ. ವಾಪಸ್ ಬರುವುದೇನೂ ಇಲ್ಲ. ಅಂದರೆ ಅದಕ್ಕೆ ಎಂಜಿನ್ ಆಯಿಲ್ ಚೇಂಜ್ ಇಲ್ಲ, ಬರೀ ತುಂಬಿಸುವುದು. ಒಳಗಿನ ಬೇರಿಂಗುಗಳೂ ರೋಲರ್ ಜಾತಿಯವು, ಯೆಜ್ಡಿ ಕ್ರ್ಯಾಂಕಿನಲ್ಲಿ ಇರುತ್ತವಲ್ಲ ಹಾಗೆ. ಅವಕ್ಕೆ ಒತ್ತಡದ ಆಯಿಲ್ ಬೇಡ, ಹನಿ ಹನಿ ಸಾಕು.

ಎಲ್ಲ ರೋಟರಿ ಬೈಕೂ ಹೀಗೇ ಅಂದುಕೊಳ್ಳಬೇಡಿ, ಗಲಿಬಿಲಿ ಶುರುವಾಗುವುದೇ ಇಲ್ಲಿ. ಜರ್ಮನಿಯ ಹರ್ಕ್ಯುಲಿಸ್ ಡಬ್ಲ್ಯು 2000 ಅಂತ ಒಂದಿತ್ತು, 1974ರದು, 294 ಸಿಸಿ. ಅದರ ಮೊದಲಿನ ಗಾಡಿಗಳಿಗೆ ಥೇಟ್ ನಮ್ಮ ಯೆಜ್ಡಿಯ ಹಾಗೆ ಪೆಟ್ರೋಲಿಗೇ ಆಯಿಲ್ ಕಲಸಬೇಕು. ಅದೇ ವರ್ಷ ಬಂದ ಜಪಾನಿನ ಸುಜುಕಿ ಆರ್‌ಇ-5, 497 ಸಿಸಿ, ಅದರ ಕಥೆ ಬೇರೆ. ಅದರಲ್ಲಿ ಎಂಜಿನ್ ಕೆಳಗೆ ತಿರುಗಾಡುವ ಆಯಿಲ್ ಒಂದು, ಸೀಲಿಗೆ ಸುಡುವ ಆಯಿಲಿನ ಟ್ಯಾಂಕು ಇನ್ನೊಂದು, ಗೇರ್ ಬಾಕ್ಸಿಗೆ ಮತ್ತೊಂದು. ಆ ಸುಜುಕಿ ಇಟ್ಟುಕೊಂಡವನು ಹೇಳಿದ್ದನ್ನು ನಾರ್ಟನ್ ಇಟ್ಟುಕೊಂಡವನು ಕೇಳಿದರೆ ಎಡವಟ್ಟು. ನಿಮ್ಮ ಮಗನಿಗೆ ಮೂರು ಜನ ಮೂರು ಥರ ಹೇಳಿದ್ದಾರಲ್ಲ, ಪ್ರತಿಯೊಬ್ಬರೂ ಅವರವರ ಎಂಜಿನ್ ಮಟ್ಟಿಗೆ ಸರಿ ಹೇಳಿರಬಹುದು.

ಹಾಗಾದರೆ ಏನು ಹಾಕಬೇಕು? ಮೊದಲು ಆ ಗಾಡಿಯ ಕೈಪಿಡಿ ಸಂಪಾದಿಸಲಿ. ಅದರಲ್ಲಿ ಆಯಿಲ್ ಟ್ಯಾಂಕಿಗೆ ಹೇಳಿರುವ ಗ್ರೇಡು ಸಿಕ್ಕಿದರೆ ಅದೇ. ಆ ಕಾಲದ ಡಬ್ಬಿ ಈಗ ಸಿಗದಿದ್ದರೆ ಏರ್ ಕೂಲ್ಡ್ ಎಂಜಿನ್ನಿಗೆ ಅಂತ ಮಾಡಿದ ಒಳ್ಳೆ 2ಟಿ ಆಯಿಲ್, ಡಬ್ಬಿಯ ಮೇಲೆ ಜಾಸೋ ಎಫ್‌ಡಿ ಅಂತ (ಜಾಸೋ ಅಂದರೆ ಜಪಾನಿನ ಗುಣಮಟ್ಟದ ಗುರುತು) ಇರುವಂಥದ್ದು. ಹೀಗೆ 2ಟಿ ಹಾಕಿ ರೋಟರಿ ನಾರ್ಟನ್ ಓಡಿಸುವವರು ಅಲ್ಲಿ ಇದ್ದಾರೆ. ಬ್ರಿಟನ್ನಿನಲ್ಲಿ ನಾರ್ಟನ್ ಮಾಲೀಕರ ಕ್ಲಬ್ಬೇ ಇದೆ, ಅಲ್ಲಿ ಕ್ಲಾಸಿಕ್ ಇಟ್ಟುಕೊಂಡವರನ್ನೇ ಹಿಡಿದು ಕೇಳಲಿ. ಕಾರಿನ 20 ಡಬ್ಲ್ಯು 50 ನಾನಾದರೆ ಹಾಕುವುದಿಲ್ಲ. ಸಿಂಥೆಟಿಕ್ ಅನ್ನುವ ಅಕ್ಷರಕ್ಕೂ ಮರುಳಾಗುವುದು ಬೇಡ. ಕಾರಿನ ಸಿಂಥೆಟಿಕ್ ಆಯಿಲಿನಲ್ಲೂ ಅದೇ ಕ್ಯಾಲ್ಸಿಯಂ, ಅದೇ ಝಿಂಕ್. ಬೆಲೆ ಮಾತ್ರ ಜಾಸ್ತಿ. ಇನ್ನೊಂದು, ಅಲ್ಲಿ ದೋಣಿ ಇಟ್ಟುಕೊಂಡವರು ಟಿಸಿ-ಡಬ್ಲ್ಯು3 ಅಂತ ಒಂದು 2ಟಿ ಹಾಕುತ್ತಾರೆ. ಬೂದಿಯೇ ಇಲ್ಲ ಅಂತ ಯಾರಾದರೂ ಅದನ್ನು ಹೊಗಳಬಹುದು. ಅದು ನಿಜ, ಆದರೆ ಅದು ನೀರಿನಿಂದ ತಣ್ಣಗಿರುವ ದೋಣಿಯ ಎಂಜಿನ್ನಿಗೆ ಮಾಡಿದ್ದು. ಗಾಳಿ ನಂಬಿಕೊಂಡ ಎಂಜಿನ್ನಿನ ಬಿಸಿಗೆ ಅಲ್ಲ.

ಒಂದು ಮಾತು ನಿಮಗೆ, ಮಾಸ್ತರರೇ. ನಮ್ಮ ಕಡೆ ಬಿಸಿಲು ನೋಡಿ ‘ದಪ್ಪ ಆಯಿಲ್ ಹಾಕು’ ಅನ್ನುವುದು ರೂಢಿ. ಅದನ್ನು ಫೋನಿನಲ್ಲಿ ಮಗನಿಗೆ ಹೇಳಬೇಡಿ. ಅಲ್ಲಿ ಚಳಿ. ತಣ್ಣಗೆ ಗಟ್ಟಿಯಾದ ದಪ್ಪ ಆಯಿಲ್ ಆ ಸಣ್ಣ ಪಂಪಿನಿಂದ, ಸಣ್ಣ ಪೈಪಿನಿಂದ ನಿಧಾನಕ್ಕೆ ಬರುತ್ತೆ. ಬರುವಷ್ಟರಲ್ಲಿ ಸೀಲು ಒಣಗಿಕೊಂಡೇ ಓಡಿರುತ್ತೆ.

ಇನ್ನು ನಿಂತ ಗಾಡಿ. ಸ್ಟಾರ್ಟ್ ಮಾಡುವ ಆತುರ ಬೇಡ. ಟ್ಯಾಂಕಿನಲ್ಲಿ ಈಗ ಯಾವ ಆಯಿಲ್ ಇದೆ ಅನ್ನುವುದು ಅವನಿಗೆ ಗೊತ್ತಿಲ್ಲ. ಪೂರ್ತಿ ಇಳಿಸಲಿ. ಹಿಂದಿನವರು ಔಡಲೆಣ್ಣೆಯ ರೇಸಿಂಗ್ ಆಯಿಲ್ ಹಾಕಿದ್ದರೆ ಅದು ಮಾಮೂಲಿ ಆಯಿಲಿನ ಜೊತೆ ಕಲೆಯುವುದಿಲ್ಲ, ಮುದ್ದೆಯಾಗಿ ಪೈಪು ಕಟ್ಟುತ್ತೆ. ಪೈಪು, ಜಾಲರಿ ತೊಳೆದು, ಹೊಸ ಆಯಿಲ್ ತುಂಬಿ, ಪಂಪಿನ ತನಕ ಗಾಳಿ ಗುಳ್ಳೆ ಇಲ್ಲದಂತೆ ಬರುತ್ತಿದೆಯಾ ನೋಡಲಿ. ಎರಡೂ ಪ್ಲಗ್ ಬಿಚ್ಚಿ, ಆ ತೂತಿನಿಂದ ಸ್ವಲ್ಪ ಆಯಿಲ್ ಬಿಟ್ಟು, ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲೇ ಮುಂದಕ್ಕೆ ತಿರುಗಿಸಲಿ. ಅಂಟಿಕೊಂಡ ಸೀಲು ಮೆಲ್ಲಗೆ ಬಿಡುತ್ತೆ. ಮೊದಲು ಸ್ಟಾರ್ಟ್ ಆದಾಗ ನೀಲಿ ಹೊಗೆ ಕೇರಿಯೆಲ್ಲ ತುಂಬುತ್ತೆ, ಪಕ್ಕದ ಮನೆಯವರಿಗೆ ಮೊದಲೇ ಹೇಳಿಡಲಿ. ಆಮೇಲೆ ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗಲೂ ಆಯಿಲ್ ಟ್ಯಾಂಕು ತೆಗೆದು ನೋಡುವ ಅಭ್ಯಾಸ ಬೇಕು. ಯೆಜ್ಡಿಯಲ್ಲಿ ಆಯಿಲ್ ಮರೆತರೆ ಸೀಜ್ ಆಗುತ್ತೆ, ರೀಬೋರ್ ಮಾಡಿಸಬಹುದು. 100ರಲ್ಲಿ ಒಂದಾದ ಗಾಡಿಗೆ ಆ ಅನುಕೂಲ ಇಲ್ಲ. ಪ್ರೈಮರಿ ಚೈನಿಗೆ (ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಚೈನು), ಗೇರ್ ಬಾಕ್ಸಿಗೆ ಬೇರೆ ಬೇರೆ ಆಯಿಲ್. ಅವು ತಿರುಗಾಡುವ ಆಯಿಲ್, ಅಲ್ಲಿ 2ಟಿ ಹಾಕಬಾರದು.

ಪ್ರಶ್ನೆ: ನಮ್ಮ ಅಪ್ಪನ ಕಾಲದ ಯೆಜ್ಡಿ ರೋಡ್‌ಕಿಂಗ್ ಇದೆ. ಲೀಟರಿಗೆ 40 ಮಿಲಿ 2ಟಿ ಹಾಕುತ್ತೇನೆ. ಬೇಸಿಗೆಯಲ್ಲಿ ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವಷ್ಟರಲ್ಲಿ ಎಂಜಿನ್ ಕಾದು ಎಳೆತ ಬೀಳುತ್ತದೆ. ಆಯಿಲ್ 60 ಮಿಲಿ ಮಾಡಿದೆ, ಇನ್ನೂ ಜಾಸ್ತಿಯಾಯಿತು. ಈಗಿನ ಇ20 (ಶೇಕಡಾ 20 ಎಥನಾಲ್ ಬೆರೆಸಿದ) ಪೆಟ್ರೋಲಿನಿಂದ ಹೀಗಾಗುತ್ತಿದೆಯಾ?
— ಬಟ್ಟೆ ಅಂಗಡಿಯವರು, ಬಸವಕಲ್ಯಾಣ

ಅಣ್ಣಾ, ಆಯಿಲ್ ಜಾಸ್ತಿ ಹಾಕಿದ್ದಕ್ಕೇ ಬಿಸಿ ಜಾಸ್ತಿಯಾಗಿದೆ. ಕೇಳಿದರೆ ವಿಚಿತ್ರ ಅನಿಸುತ್ತೆ. ಲೆಕ್ಕ ನೋಡಿ. ಕಾರ್ಬ್ಯುರೇಟರಿನ ಜೆಟ್ಟಿನ ತೂತು ಅಷ್ಟೇ ಇದೆ. ಅದರಲ್ಲಿ ಹೋಗುವ ದ್ರವದಲ್ಲಿ ಆಯಿಲ್ ಹೆಚ್ಚಾದಷ್ಟೂ ಪೆಟ್ರೋಲ್ ಕಡಿಮೆ. ಮಿಶ್ರಣ ದಪ್ಪಗಾಗಿ ಜೆಟ್ಟಿನಲ್ಲಿ ಇಳಿಯುವುದೂ ನಿಧಾನ. ಗಾಳಿಗೆ ತಕ್ಕ ಪೆಟ್ರೋಲ್ ಸಿಗದೆ ಎಂಜಿನ್ ಲೀನ್ ಆಗುತ್ತೆ, ಲೀನ್ ಆದರೆ ಕಾಯುತ್ತೆ. ಇ20 ಇದಕ್ಕೆ ಇನ್ನೊಂದು ಕೈ ಸೇರಿಸುತ್ತೆ. ಎಥನಾಲ್ ಸುಡಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು, ಹಾಗಾಗಿ ಹಳೆ ಜೆಟ್ಟಿಗೆ ಅದೂ ಲೀನ್ ಆಗುವ ಕಡೆಗೇ. ನೀವು 40ಕ್ಕೇ ವಾಪಸ್ ಬನ್ನಿ. ಮೇನ್ ಜೆಟ್ ಒಂದು ನಂಬರ್ ದೊಡ್ಡದು ಹಾಕಿಸಿ, ಇಪ್ಪತ್ತು ಕಿಲೋಮೀಟರ್ ಓಡಿಸಿ ಪ್ಲಗ್ ಬಿಚ್ಚಿ ನೋಡಿ. ಬೆಳ್ಳಗಿದ್ದರೆ ಇನ್ನೂ ಲೀನ್, ಚಹಾದ ಬಣ್ಣಕ್ಕೆ ಬಂದರೆ ಸರಿ. ಸೈಲೆನ್ಸರಿನ ಒಳಗಿನ ಕಾರ್ಬನ್ ತೆಗೆಸಿ ಎಷ್ಟು ವರ್ಷವಾಯಿತು? ಅದು ಕಟ್ಟಿದ್ದರೂ ಎಳೆತ ಬೀಳುತ್ತೆ.

ಯೆಜ್ಡಿ ಮೈಸೂರಿನಲ್ಲಿ ಕೊನೆಯ ಸಲ ತಯಾರಾಗಿ ಫ್ಯಾಕ್ಟರಿ ಮುಚ್ಚಿದ್ದು 1996ರಲ್ಲಿ. ಆಗಿನ ರಬ್ಬರ್ ಪೈಪು, ವಾಷರುಗಳು ಎಥನಾಲ್ ನೋಡಿದವಲ್ಲ. ಪೆಟ್ರೋಲ್ ಪೈಪು ಹಿಂಡಿ ನೋಡಿ, ಮೆತ್ತಗೆ ಅಂಟಂಟಾಗಿದ್ದರೆ ಬದಲಿಸಿ. ಆಯಿಲ್ ಕಲಸಿದ ಪೆಟ್ರೋಲನ್ನು ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಇಡಬೇಡಿ. ಎಥನಾಲ್ ಮಳೆಗಾಲದಲ್ಲಿ ಗಾಳಿಯಿಂದ ನೀರು ಎಳೆದುಕೊಳ್ಳುತ್ತೆ. ಜಾಸ್ತಿಯಾದರೆ ನೀರು, ಎಥನಾಲ್ ಎರಡೂ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಕೂರುತ್ತವೆ. ಕಾಕಿನಿಂದ ಮೊದಲು ಇಳಿಯುವುದು ಅದೇ, ಅದರಲ್ಲಿ ಆಯಿಲ್ ಇರುವುದಿಲ್ಲ.

ಪ್ರಶ್ನೆ: ನಮ್ಮ ಹೊಲದಲ್ಲೇ ಔಡಲ ಬೆಳೆಯುತ್ತೇವೆ. ಮನೆಯಲ್ಲಿ ತೆಗೆದ ಔಡಲೆಣ್ಣೆ ಇದೆ. ಹಿಂದೆ ರೇಸ್ ಗಾಡಿಗಳಿಗೆ ಇದನ್ನೇ ಹಾಕುತ್ತಿದ್ದರು ಅಂತ ಕೇಳಿದ್ದೇನೆ. ನನ್ನ ಹಳೆ ರಾಜದೂತ್‌ಗೆ 2ಟಿ ಬದಲು ಹಾಕಬಹುದಾ?
— ರೈತರು, ಗುರುಮಠಕಲ್

ಕೇಳಿದ್ದು ಸುಳ್ಳಲ್ಲ, ಗೌಡರೇ. ಕ್ಯಾಸ್ಟ್ರಾಲ್ ಕಂಪನಿಯ ಹೆಸರೇ ಔಡಲೆಣ್ಣೆಯ ಇಂಗ್ಲಿಷ್ ಹೆಸರಿನಿಂದ ಬಂದಿದ್ದು. ಮೊದಲ ಮಹಾಯುದ್ಧದ ವಿಮಾನಗಳಲ್ಲಿ ನೋಮ್, ಲೆ ರೋನ್ ಅಂತ ಎಂಜಿನ್‌ಗಳಿದ್ದವು. ಅವನ್ನೂ ರೋಟರಿ ಅಂತಲೇ ಕರೆಯುತ್ತಿದ್ದರು. ಮಾಸ್ತರರ ನಾರ್ಟನ್ನಿಗೂ ಅದಕ್ಕೂ ಸಂಬಂಧ ಇಲ್ಲ. ಅದರಲ್ಲಿ ಶಾಫ್ಟು ನಿಂತಿರುತ್ತೆ, ಸಿಲಿಂಡರುಗಳೇ ಫ್ಯಾನಿನ ಜೊತೆ ಗರಗರ ತಿರುಗುತ್ತವೆ! ಜರ್ಮನಿಯಲ್ಲಿ 1920ರ ದಶಕದಲ್ಲಿ ಮೆಗೋಲಾ ಎಂಬ ಮೋಟಾರ್‌ಸೈಕಲ್ಲಿಗೂ ಇಂಥ ಐದು ಸಿಲಿಂಡರಿನ ಎಂಜಿನ್ನನ್ನು ಮುಂದಿನ ಚಕ್ರದೊಳಗೇ ಇಟ್ಟಿದ್ದರು. ಕ್ಲಚ್ಚೂ ಇಲ್ಲ, ಗೇರೂ ಇಲ್ಲ. ಸಿಗ್ನಲ್‌ನಲ್ಲಿ ಏನು ಮಾಡುತ್ತಿದ್ದರೋ ಪಾಪ.

ಆ ವಿಮಾನದ ಎಂಜಿನ್ನಿನಲ್ಲಿ ಪೆಟ್ರೋಲು ಆಯಿಲ್ ಇರುವ ಜಾಗದ ಮೂಲಕವೇ ಹಾದು ಹೋಗುತ್ತಿತ್ತು. ಮಾಮೂಲಿ ಆಯಿಲಾದರೆ ಪೆಟ್ರೋಲಿನಲ್ಲಿ ಕರಗಿ ತೊಳೆದು ಹೋಗುತ್ತೆ. ಔಡಲೆಣ್ಣೆ ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಅದಕ್ಕೇ ಅದನ್ನು ಆರಿಸಿದ್ದು. ಅಲ್ಲಿ ಗುಣವಾದದ್ದು ನಿಮ್ಮ ರಾಜದೂತ್‌ಗೆ ದೋಷ. ನಿಮಗೆ ಪೆಟ್ರೋಲಿನಲ್ಲಿ ಕರಗುವ ಆಯಿಲೇ ಬೇಕು. ಔಡಲೆಣ್ಣೆ ಹಾಕಿದರೆ ಚಳಿಗಾಲದ ಬೆಳಿಗ್ಗೆ ಟ್ಯಾಂಕಿನ ತಳದಲ್ಲಿ ಕೂತಿರುತ್ತೆ. ಒಳ್ಳೆ ಜಾರಿಕೆ ಕೊಡುತ್ತೆ, ಬಿಸಿ ತಡೆಯುತ್ತೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸುಟ್ಟ ಮೇಲೆ ಗೋಂದಿನ ಹಾಗೆ ಅಂಟು ಬಿಡುತ್ತೆ, ರಿಂಗು ಹಿಡಿದುಕೊಳ್ಳುತ್ತೆ. ರೇಸಿನವರು ಪ್ರತಿ ರೇಸಿನ ನಂತರ ಎಂಜಿನ್ ಬಿಚ್ಚುತ್ತಾರೆ. ನೀವು ಬಿಚ್ಚುತ್ತೀರಾ? ಮೇಲಾಗಿ ಮನೆಯಲ್ಲಿ ಕುದಿಸಿ ತೆಗೆದ ಎಣ್ಣೆಯಲ್ಲಿ ನೀರಿನ ಪಸೆ, ಹಿಂಡಿಯ ಕಣ ಇದ್ದೇ ಇರುತ್ತವೆ. ಬಂಡಿಯ ಅಚ್ಚಿಗೆ ಕೀಲೆಣ್ಣೆಯಾಗಿ ಬೇಕಾದರೆ ಹಾಕಿ, ಅದಕ್ಕೆ ನನ್ನ ಅಡ್ಡಿಯಿಲ್ಲ.

ಪ್ರಶ್ನೆ: ಸೋದರಮಾವ ಅವರ ಆರ್‌ಎಕ್ಸ್ 100 ನನಗೆ ಕೊಟ್ಟರು. ಆಯಿಲ್ ಟ್ಯಾಂಕು ಇದೆ, ಆದರೂ ಅವರು ಪೆಟ್ರೋಲಿನಲ್ಲೂ ಆಯಿಲ್ ಕಲಸುತ್ತಿದ್ದರು. ಹೊಗೆ ವಿಪರೀತ, ಪ್ಲಗ್ ಪದೇ ಪದೇ ಹೋಗುತ್ತೆ. ಗೆಳೆಯರು ಪಂಪ್ ತೆಗೆಸಿಬಿಡು ಅಂತಾರೆ.
— ಇಂಜಿನಿಯರಿಂಗ್ ವಿದ್ಯಾರ್ಥಿ, ಬೀದರ್

ತಮ್ಮಾ, ಗೆಳೆಯರ ಮಾತು ಕೇಳಬೇಡ. ಯಮಹಾದ ಆ ಪಂಪು ಬಹಳ ಚೆನ್ನಾದ ಸಾಮಾನು. ನೀನು ಆಕ್ಸಿಲರೇಟರ್ ತಿರುಗಿಸಿದಷ್ಟೂ ಆಯಿಲ್ ಬಿಡುತ್ತೆ, ಸುಮ್ನೆ ನಿಂತಾಗ ಕಡಿಮೆ ಮಾಡುತ್ತೆ. ಟ್ಯಾಂಕಿನಲ್ಲಿ ಕಲಸಿದ್ದಕ್ಕೆ ಈ ಬುದ್ಧಿ ಇಲ್ಲ. ಮಾವನವರಿಗೆ ಪಂಪಿನ ಮೇಲೆ ಅನುಮಾನ ಬಂದು ಎರಡೂ ಕಡೆ ಹಾಕಿದ್ದಾರೆ, ಹಾಗಾಗಿ ಹೊಗೆ. ಮೊದಲು ಪಂಪು ಕೆಲಸ ಮಾಡುತ್ತಿದೆಯಾ ನೋಡು. ಕಲಸಿದ ಪೆಟ್ರೋಲ್ ಇನ್ನೂ ಟ್ಯಾಂಕಿನಲ್ಲಿ ಇರುವಾಗಲೇ ನೋಡಬೇಕು, ಬರೀ ಪೆಟ್ರೋಲ್ ಹಾಕಿಕೊಂಡು ಪರೀಕ್ಷೆ ಮಾಡಿದರೆ ಪಂಪು ಸತ್ತಿದ್ದಲ್ಲಿ ಎಂಜಿನ್ನೂ ಸಾಯುತ್ತೆ. ಪಂಪಿನ ಮುಚ್ಚಳ ತೆಗೆದರೆ ಕೇಬಲ್ ಸುತ್ತುವ ಗಾಲಿಯ ಮೇಲೆ ಒಂದು ಗುರುತಿದೆ. ಸರ್ವೀಸ್ ಪುಸ್ತಕದಲ್ಲಿ ಹೇಳಿದಷ್ಟು ಆಕ್ಸಿಲರೇಟರ್ ಎಳೆದಾಗ ಅದು ಎದುರಿನ ಗುರುತಿಗೆ ಕೂಡಬೇಕು. ಕೂಡದಿದ್ದರೆ ಕೇಬಲ್ ಅಡ್ಜಸ್ಟ್ ಮಾಡಿಸು. ಗಾಳಿ ತೆಗೆಯುವ ಸ್ಕ್ರೂ ಬಿಚ್ಚಿ ಗುಳ್ಳೆ ನಿಲ್ಲುವ ತನಕ ಆಯಿಲ್ ಹರಿಯಲು ಬಿಡು. ಕಾರ್ಬ್ಯುರೇಟರ್ ಕಡೆ ಹೋಗುವ ಸಣ್ಣ ಪೈಪಿನಲ್ಲಿ ಆಯಿಲ್ ಮುಂದೆ ಸರಿಯುವುದು ಕಣ್ಣಿಗೆ ಕಾಣುತ್ತೆ. 2ಟಿಗೆ ಬಣ್ಣ ಹಾಕಿರುತ್ತಾರಲ್ಲ, ಅದರಿಂದ ಅನುಕೂಲ. ಇಷ್ಟು ಖಾತ್ರಿಯಾದ ಮೇಲೆ ಕಲಸುವುದು ನಿಲ್ಲಿಸು.

ಪಂಪು ನಿಜವಾಗಿಯೂ ಸವೆದಿದ್ದರೆ ಬೇರೆ ಸಿಗುವ ತನಕ ಲೀಟರಿಗೆ 30 ಮಿಲಿಯಂತೆ ಕಲಸಿ ಓಡಿಸು. ಆಗ ಒಂದು ಅಪಾಯ. ಗೆಳೆಯರು ಗಾಡಿ ಒಯ್ಯುತ್ತಾರೆ, ದಾರಿಯಲ್ಲಿ ಪೆಟ್ರೋಲ್ ಮುಗಿಯುತ್ತೆ, ಬಾಟಲಿಯಲ್ಲಿ ಬರೀ ಪೆಟ್ರೋಲ್ ತಂದು ಸುರಿದು ಬರುತ್ತಾರೆ. ನನ್ನ ಹತ್ತಿರ ಬರುವ ಸೀಜ್ ಆದ ಆರ್‌ಎಕ್ಸ್‌ಗಳ ಹಿಂದೆ ಹೆಚ್ಚಿನ ಸಲ ಇಂಥ ಒಬ್ಬ ಗೆಳೆಯ ಇರುತ್ತಾನೆ.

ಪ್ರಶ್ನೆ: ಕಾರಿನ ಒಳ್ಳೆ ಆಯಿಲ್ ಉಳಿದಿತ್ತು, ನನ್ನ 100 ಸಿಸಿ ಬೈಕಿಗೆ ಹಾಕಿದೆ. ಈಗ ಏರು ಬಂದರೆ ಎಂಜಿನ್ ಕೂಗುತ್ತೆ, ಗಾಡಿ ಮುಂದೆ ಹೋಗಲ್ಲ.
— ಕಲ್ಲು ವ್ಯಾಪಾರಿ, ಶಹಾಬಾದ್

ಕ್ಲಚ್ ಜಾರುತ್ತಿದೆ. ಬೈಕಿನ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತವೆ. ಕಾರಿನಲ್ಲಿ ಹಾಗಿಲ್ಲ, ಅದಕ್ಕೇ ಕಾರಿನ ಕೆಲವು ಆಯಿಲಿನಲ್ಲಿ ಮೈಲೇಜ್ ಬರಲಿ ಅಂತ ಜಾರುವ ಕೆಮಿಕಲ್ ಸೇರಿಸಿರುತ್ತಾರೆ. ಇವತ್ತೇ ಇಳಿಸಿ. ಡಬ್ಬಿಯ ಹಿಂದೆ ಜಾಸೋ ಎಂಎ ಅಥವಾ ಎಂಎ2 ಅಂತ ಇರುವ, ನಿಮ್ಮ ಗಾಡಿಯ ಪುಸ್ತಕದಲ್ಲಿರುವ ಗ್ರೇಡಿನ ಆಯಿಲ್ ಹಾಕಿ. ಸ್ವಲ್ಪ ಓಡಿಸಿ ಮತ್ತೊಂದು ಸಲ ಬದಲಿಸಿದರೆ ಪ್ಲೇಟು ಉಳಿಯಬಹುದು. ಉಳಿಯದಿದ್ದರೆ ಪ್ಲೇಟು ಹೊಸದು.

ಪ್ರಶ್ನೆ: ಇಳಿಸಿದ ಕರಿ ಆಯಿಲನ್ನು ಬಟ್ಟೆಯಲ್ಲಿ ಸೋಸಿ ಹಳೆ ಬುಲೆಟ್ಟಿಗೆ ಮತ್ತೆ ಹಾಕಬಹುದಾ?
— ಸಿಮೆಂಟ್ ಫ್ಯಾಕ್ಟರಿ ನೌಕರ, ವಾಡಿ

ಬೇಡ. ಬಟ್ಟೆಯಲ್ಲಿ ನಿಲ್ಲುವುದು ದಪ್ಪ ಕಸ. ಒಳಗೆ ಆಸಿಡ್ ಆಗಿರುತ್ತೆ, ಹಾಕಿದ್ದ ಕೆಮಿಕಲ್ ತೀರಿಹೋಗಿರುತ್ತೆ, ನಿಮ್ಮೂರಿನ ಸಿಮೆಂಟ್ ಧೂಳಂತೂ ಯಾವ ಬಟ್ಟೆಗೂ ಸಿಗುವುದಿಲ್ಲ. ಏರ್ ಫಿಲ್ಟರ್ ಆದರೂ ಬೇರೆಯವರಿಗಿಂತ ಬೇಗ ಬೇಗ ಬದಲಿಸಿ. ಕರಿ ಆಯಿಲನ್ನು ಚರಂಡಿಗೆ ಸುರಿಯಬೇಡಿ, ಡಬ್ಬಿಯಲ್ಲಿ ತುಂಬಿ ಹಳೆ ಆಯಿಲ್ ಕೊಳ್ಳುವವರಿಗೆ ಕೊಡಿ.

ಪ್ರಶ್ನೆ: ನಾನು ಅಂಗನವಾಡಿ ಕಾರ್ಯಕರ್ತೆ. ಹಳೆ ಎಕ್ಸ್‌ಎಲ್ ಮೊಪೆಡ್ ಮೇಲೆ ಹಳ್ಳಿಗಳಿಗೆ ಹೋಗುತ್ತೇನೆ. ರಸ್ತೆ ಬದಿಯ ಅಂಗಡಿಯಲ್ಲಿ ಪೆಟ್ರೋಲ್ ಹಾಕಿಸಿದರೆ ಅವರೇ ಯಾವುದೋ ಬಾಟಲಿಯಿಂದ ಆಯಿಲ್ ಸುರಿಯುತ್ತಾರೆ. ಎರಡು ಸಲ ದಾರಿಯಲ್ಲೇ ನಿಂತಿತು. ಮೆಕ್ಯಾನಿಕ್‌ಗೆ ಕೇಳಿದರೆ ‘ನಿಮಗೆ ಗೊತ್ತಾಗಲ್ಲ ಬಿಡ್ರಿ’ ಅಂತಾನೆ.
— ಒಬ್ಬ ಓದುಗರು, ಯಾದಗಿರಿ ತಾಲೂಕು

ಅಕ್ಕಾ, ಗೊತ್ತಾಗದಂಥದ್ದು ಇದರಲ್ಲಿ ಏನೂ ಇಲ್ಲ. ಬಾಟಲಿಯಲ್ಲಿ ಇರುವುದು 2ಟಿಯೋ, ಯಾರದೋ ಗಾಡಿಯಿಂದ ಇಳಿಸಿದ ಆಯಿಲೋ ನಿಮಗೆ ಕಾಣುವುದಿಲ್ಲ. ಮೂಸಿ ನೋಡಿದರೆ ಸುಟ್ಟ ವಾಸನೆ, ಬೆರಳಿಗೆ ಹಚ್ಚಿದರೆ ಕಪ್ಪು ಬಂದರೆ ಅದು ಹಳೆಯದೇ. ಸೀಲ್ ಇರುವ 2ಟಿ ಪೌಚುಗಳು ಸಿಗುತ್ತವೆ, ನಾಲ್ಕೈದು ಗಾಡಿಯ ಡಿಕ್ಕಿಯಲ್ಲೇ ಇಟ್ಟುಕೊಳ್ಳಿ. ಪೌಚಿನ ಮೇಲೆ ಎಷ್ಟು ಮಿಲಿ ಅಂತ ಇರುತ್ತೆ. ಲೀಟರಿಗೆ ಎಷ್ಟು ಹಾಕಬೇಕು ಅನ್ನುವುದು ಗಾಡಿಯ ಪುಸ್ತಕದಲ್ಲಿದೆ, ಆ ಲೆಕ್ಕದಲ್ಲಿ ಪೆಟ್ರೋಲ್ ಹಾಕಿಸಿ. ಮೊದಲು ಪೌಚು ಕತ್ತರಿಸಿ ಆಯಿಲ್ ಟ್ಯಾಂಕಿಗೆ ಬಿಡಿ, ಅದರ ಮೇಲೆ ಪೆಟ್ರೋಲ್ ಬೀಳಲಿ. ಬೀಳುವ ರಭಸಕ್ಕೆ ತಾನೇ ಕಲೆಯುತ್ತೆ. ಮೇಲಿಂದ ಆಯಿಲ್ ಸುರಿದು ತಕ್ಷಣ ಹೊರಟರೆ ಅದು ನೇರ ಕಾಕಿನ ಕಡೆ ಇಳಿದು ಪ್ಲಗ್ ನೆನೆಯುತ್ತೆ, ನಿಮ್ಮ ಗಾಡಿ ನಿಂತಿದ್ದು ಹೆಚ್ಚಾಗಿ ಹೀಗೇ. ಒಂದು ಹೊಸ ಪ್ಲಗ್, ಒಂದು ಪ್ಲಗ್ ಪಾನಾ ಜೊತೆಗಿರಲಿ. ಮುಂದಿನ ಸಂಚಿಕೆಯಲ್ಲಿ ಪ್ಲಗ್ ಬದಲಿಸುವುದನ್ನು ಚಿತ್ರ ಸಮೇತ ಹಾಕಲು ಸಂಪಾದಕರಿಗೆ ಹೇಳಿದ್ದೇನೆ.